ಮಳೆ ಹಿಡಿದ ಮೇಲೆ ಮನೆ ಬ್ರೆಡ್ ಉಬ್ಬುತ್ತಿಲ್ಲ, ಮಾರನೇ ದಿನ ಹಲಗೆ. ಎಲ್ಲಿ ತಪ್ಪು?

ಹಾನುಬಾಳು ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ಬ್ರೆಡ್ ಸಿಗುವ ಅಂಗಡಿಗೆ ಮನೆಯಿಂದ ನಾಲ್ಕು ಕಿಲೋಮೀಟರ್. ಹೋದರೂ ಸಿಗುವುದು ಎರಡು ದಿನ ಹಳೆಯದು. ಅತ್ತೆಗೆ ಈಗ ಹಲ್ಲಿಲ್ಲ. ಬೆಳಗ್ಗೆ ಕಡುಬು ಬೇಡ, ರೊಟ್ಟಿಯ ಮಾತೇ ಇಲ್ಲ. ಕಾಫಿಗೆ ಅದ್ದಿದ ಬ್ರೆಡ್ ಎರಡು ತುಂಡು, ಅಷ್ಟೇ. ಅದಕ್ಕೇ ಏಪ್ರಿಲ್‌ನಲ್ಲಿ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ತರಿಸಿ ಮನೆಯಲ್ಲೇ ಮಾಡಲು ಶುರು ಮಾಡಿದೆ.

ಏಪ್ರಿಲ್, ಮೇ ಎರಡೂ ತಿಂಗಳು ಚೆನ್ನಾಗೇ ಬಂತು. ಅತ್ತೆ "ಪರವಾಗಿಲ್ಲ" ಅಂದರು. ಅವರನ್ನು ಬಲ್ಲವರಿಗೆ ಗೊತ್ತು, ಅದು ದೊಡ್ಡ ಮಾತು. ಜೂನ್‌ನಲ್ಲಿ ಮಳೆ ಹಿಡಿಯಿತು, ಬ್ರೆಡ್ ಕೂತುಬಿಟ್ಟಿತು. ಕಳೆದ ಮೂರು ಸಲವೂ ಅದೇ ಕಥೆ. ಮೇಲೆ ಒಂದು ಬದಿ ಉದ್ದಕ್ಕೆ ಸೀಳಿಕೊಂಡು ಹಲ್ಲು ಕಿರಿಯುತ್ತದೆ. ತಳದಲ್ಲಿ ಒಂದು ಬೆರಳು ದಪ್ಪಕ್ಕೆ ಒತ್ತಾಗಿ, ಹಸಿ ಹಸಿ. ಬಿಸಿಯಲ್ಲಿ ಹೇಗೋ ತಿನ್ನಬಹುದು. ಮಾರನೇ ಬೆಳಗ್ಗೆ ಅತ್ತೆ ಒಂದು ತುಂಡು ಹಿಡಿದು ತಟ್ಟೆಗೆ ಬಡಿದು ತೋರಿಸಿದರು. "ಇದನ್ನ ಕಾಫಿಗೆ ಅದ್ದಬೇಕಾ, ಕಾಫೀಲಿ ಬೇಯಿಸ್ಬೇಕಾ?" ಅಂದರು.

ನಾನು ಮಾಡುವುದು ಹೀಗೆ. ಮೈದಾ ಎರಡೂವರೆ ಲೋಟ. ಮನೆ ಹಸುವಿನ ಹಾಲು ಒಂದು ಲೋಟಕ್ಕೆ ಸ್ವಲ್ಪ ಕಡಿಮೆ, ಕಾಫಿಗೆ ಎಷ್ಟು ಬೇಕೋ ಅಷ್ಟು ಬಿಸಿ. ಸಕ್ಕರೆ ಮೂರು ಚಮಚ, ಉಪ್ಪು ಒಂದು, ಇನ್‌ಸ್ಟಂಟ್ ಈಸ್ಟ್ ಒಂದೂವರೆ ಟೀ ಚಮಚ, ಬೆಣ್ಣೆ ಎರಡು ಚಮಚ. ಎಲ್ಲ ಒಟ್ಟಿಗೆ ಕಲಸುತ್ತೇನೆ. ಕೈಗೆ ಅಂಟುತ್ತದೆ ಅಂತ ಎರಡು ಮೂರು ಹಿಡಿ ಮೈದಾ ಉದುರಿಸಿಕೊಂಡು ಹತ್ತು ನಿಮಿಷ ನಾದುತ್ತೇನೆ. ಒಂದು ಗಂಟೆ ಮುಚ್ಚಿಡುವುದು, ಟಿನ್ನಿಗೆ ಹಾಕಿ ಅರ್ಧ ಗಂಟೆ, ಆಮೇಲೆ 180 ಡಿಗ್ರಿಯಲ್ಲಿ 35 ನಿಮಿಷ. ಗಡಿಯಾರ ನೋಡಿಕೊಂಡೇ ಮಾಡುತ್ತೇನೆ, ಒಂದು ನಿಮಿಷ ಆಚೀಚೆ ಇಲ್ಲ. ಇಳಿಸಿದ ತಕ್ಷಣ ಕೊಯ್ಯುತ್ತೇನೆ, ಅತ್ತೆ ಲೋಟ ಹಿಡಿದು ಕೂತಿರುತ್ತಾರಲ್ಲ.

ಕರೆಂಟು ಮಳೆಗಾಲದಲ್ಲಿ ನೆಂಟರ ಥರ, ಬಂದಾಗ ಬಂತು. ಒಂದು ಸಲ ಬೇಯುತ್ತಿರುವಾಗಲೇ ಹೋಯಿತು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಅಂಗಡಿಯವರು ಬ್ರೆಡ್ ಇಂಪ್ರೂವರ್ ಅಂತ ಒಂದು ಪುಡಿ ತೋರಿಸಿದರು. ತರಲಾ?

ಗುಡ್ಡದ ಗಾಳಿ:

ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರ ಇದೆ ಮೇಡಂ. ಎತ್ತರದಲ್ಲಿ ಅನ್ನವೇ ನಿಧಾನ ಬೇಯುತ್ತದೆ, ಇನ್ನು ಬ್ರೆಡ್ ಬೇಯುತ್ತದಾ? ಈಸ್ಟ್ ಡಬಲ್ ಮಾಡಿ ನೋಡಿ.

ಗ್ರಾಂ ಲೆಕ್ಕ:

ಅಣ್ಣ, ಅದೇ ಎತ್ತರದಲ್ಲೇ ಏಪ್ರಿಲ್‌ನಲ್ಲಿ ಚೆನ್ನಾಗಿ ಬಂದಿತ್ತಲ್ಲ. ಜೂನ್‌ನಲ್ಲಿ ಗುಡ್ಡ ಬೆಳೆಯಿತಾ? ಗಾಳಿಯ ಒತ್ತಡ ಕಡಿಮೆ ಇರುವ ಕಡೆ ಹಿಟ್ಟು ಬೇಗ ಉಬ್ಬುತ್ತದೆಯೇ ಹೊರತು ನಿಧಾನ ಆಗುವುದಿಲ್ಲ. ನಮ್ಮ ಎತ್ತರಕ್ಕೆ ಅದೂ ಅಂಥ ದೊಡ್ಡ ವ್ಯತ್ಯಾಸ ಅಲ್ಲ. ಈಸ್ಟ್ ಡಬಲ್ ಮಾಡಿದರೆ ಮನೆಯೆಲ್ಲ ಹುಳಿ ವಾಸನೆ, ಅಷ್ಟೇ.

ಮೇಡಂ, ನನ್ನ ಕಣ್ಣಿಗೆ ಬಿದ್ದದ್ದು ಆ "ಎರಡು ಮೂರು ಹಿಡಿ". ಒಂದು ಹಿಡಿ ಮೈದಾ 30 ಗ್ರಾಂ ಅಂತ ಇಟ್ಟುಕೊಳ್ಳಿ. 300 ಗ್ರಾಂ ಮೈದಾಗೆ 200 ಮಿಲಿ ಹಾಲು ಅಂದರೆ 100ಕ್ಕೆ 66 ಬಿತ್ತು. ಮೂರು ಹಿಡಿ ಸೇರಿದರೆ ಮೈದಾ 390 ಆಯಿತು, ಹಾಲು 100ಕ್ಕೆ 51ಕ್ಕೆ ಇಳಿಯಿತು. ಅದು ಮೆತ್ತನೆ ಬ್ರೆಡ್ಡಿನ ಹಿಟ್ಟಲ್ಲ. ಮಾರನೇ ದಿನಕ್ಕೆ ಗಟ್ಟಿ ಆಗುವುದರಲ್ಲಿ ಆಶ್ಚರ್ಯ ಏನಿದೆ? ಅಂಟಿದರೆ ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಮೈದಾ ಡಬ್ಬ ದೂರ ಇಡಿ. ಲೋಟ ಬಿಟ್ಟು ತಕ್ಕಡಿ ಹಿಡಿಯಿರಿ. ಲೋಟಕ್ಕೆ ಒತ್ತಿ ತುಂಬಿದ ಮೈದಾಗೂ ಸಡಿಲ ತುಂಬಿದ ಮೈದಾಗೂ ತುಂಬಾ ವ್ಯತ್ಯಾಸ ಬರುತ್ತದೆ.

ಇನ್ನೊಂದು. ಮೈದಾ ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ ಎಷ್ಟು ಪ್ರೋಟೀನ್ ಅಂತ ಬರೆದಿರುತ್ತದೆ. 10.5, 11 ಇರುವುದನ್ನು ಆರಿಸಿ. 9 ಇದ್ದರೆ ಬಿಸ್ಕತ್ತಿಗೆ ಇಟ್ಟುಕೊಳ್ಳಿ.

ಹಳೇ ಬಟ್ಟಿ:

ನೋಡಮ್ಮ, ನಾನು ಚನ್ನರಾಯಪಟ್ಟಣ ಕಡೆಯವನು. ಬೆಂಗಳೂರಿನ ಬೇಕರಿಯೊಂದರಲ್ಲಿ ಸೌದೆ ಬಟ್ಟಿ ಮುಂದೆ 22 ವರ್ಷ ನಿಂತು ಈಗ ಊರಲ್ಲಿದ್ದೇನೆ. ನಮ್ಮ ಜಿಲ್ಲೆಗೂ ಬ್ರೆಡ್ಡಿಗೂ ಹಳೇ ನಂಟು. 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ತಿರುಮಲಾಚಾರ್ ಅವರು ಹಾಸನದ ಕಡೆಯವರೇ. ಆಮೇಲೆ ಊರೂರಿಗೆ ಅಯ್ಯಂಗಾರ್ ಬೇಕರಿ ಇಟ್ಟವರಲ್ಲೂ ಬಹಳ ಜನ ನಮ್ಮ ಜಿಲ್ಲೆಯವರು. ಹಾಗಾಗಿ ನೀನು ಬ್ರೆಡ್ ಮಾಡಿ ಸೋತೆ ಅಂದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ.

ಒಂದು ಮಾತು ಕೇಳುತ್ತೇನೆ. ಮಳೆಗಾಲದಲ್ಲಿ ಇಡ್ಲಿ ಹಿಟ್ಟು ಎಷ್ಟು ಹೊತ್ತಿಗೆ ಉಬ್ಬುತ್ತದೆ? ಏಪ್ರಿಲ್‌ನಲ್ಲಿ ಸಂಜೆ ರುಬ್ಬಿದ್ದು ಬೆಳಗ್ಗೆ ಪಾತ್ರೆಯಿಂದ ಚೆಲ್ಲುತ್ತದೆ. ಜುಲೈನಲ್ಲಿ ಮಧ್ಯಾಹ್ನವೇ ರುಬ್ಬಿ, ಒಲೆ ಪಕ್ಕ ಇಟ್ಟು, ಕಂಬಳಿ ಹೊದಿಸುತ್ತೀಯ. ಅಲ್ವಾ? ಮೈದಾ ಹಿಟ್ಟಿಗೆ ಮಾತ್ರ ಎರಡು ಕಾಲಕ್ಕೂ ಅದೇ ಒಂದು ಗಂಟೆ ಅಂದರೆ ಹೇಗೆ? ಮೇಲೆ ಬದಿಗೆ ಸೀಳಿಕೊಂಡಿತು ಅಂದೆಯಲ್ಲ, ಅದು ಹಿಟ್ಟು ಪೂರ್ತಿ ಉಬ್ಬುವ ಮೊದಲೇ ಒಲೆಗೆ ಹೋದ ಗುರುತು. ಟಿನ್ನಲ್ಲಿ ಉಬ್ಬಬೇಕಾದದ್ದು ಒಲೆಯ ಕಾವಿಗೆ ಒಂದೇ ಸಲ ಎದ್ದು, ಮೇಲಿನ ಸಿಪ್ಪೆ ಹರಿಯಿತು. ತಳ ಎದ್ದೇ ಇಲ್ಲ.

ಗಡಿಯಾರ ಗೋಡೆಯಲ್ಲೇ ಇರಲಿ. ಹಿಟ್ಟು ಎರಡರಷ್ಟು ಆಗುವವರೆಗೆ ಬಿಡು, ಎರಡು ಗಂಟೆಯಾದರೂ ಸರಿ. ಟಿನ್ನಲ್ಲಿ ಅರ್ಧ ತುಂಬಿದ್ದು ಅಂಚಿಗಿಂತ ಒಂದು ಬೆರಳು ಮೇಲೆ ಬರಬೇಕು. ಬೆರಳಿಗೆ ಮೈದಾ ಹಚ್ಚಿ ಮೆಲ್ಲಗೆ ಒತ್ತಿ ನೋಡು. ಗುಳಿ ತಕ್ಷಣ ಮುಚ್ಚಿದರೆ ಇನ್ನೂ ಹೊತ್ತಿದೆ. ನಿಧಾನವಾಗಿ ಅರ್ಧ ಮುಚ್ಚಿದರೆ ಒಲೆಗೆ ಹಾಕು. ಹಾಗೇ ಗುಳಿ ನಿಂತುಬಿಟ್ಟರೆ ತಡವಾಯಿತು ಅಂತ. ಮನೆಯಲ್ಲಿ ಬಚ್ಚಲೊಲೆ ಇದ್ದರೆ ಅದರ ಹತ್ತಿರ ಇಡು, ತಾಗಿಸಬೇಡ. ನಾವು ಮಳೆಗಾಲದಲ್ಲಿ ಬಟ್ಟಿಯ ನೆತ್ತಿ ಮೇಲೆ ಹಲಗೆ ಹಾಕಿ ಟಿನ್ನು ಜೋಡಿಸುತ್ತಿದ್ದೆವು.

ಎರಡನೆಯದು ಹಾಲು. ಕಾಫಿ ಬಿಸಿ ಈಸ್ಟಿಗೆ ಆಗುವುದಿಲ್ಲ. 60 ಡಿಗ್ರಿ ಹತ್ತಿರ ಹೋದರೆ ಅದು ಸಾಯುತ್ತದೆ. ಮೈದಾ ಜೊತೆ ಸೇರಿ ಸ್ವಲ್ಪ ಆರಿದ್ದಕ್ಕೆ ನಿನ್ನದು ಅರ್ಧ ಉಳಿದಿರಬೇಕು. ಹಾಗಂತ ಹಸಿ ಹಾಲು ಹಾಕಬೇಡ. ಹಸಿ ಹಾಲಿನಲ್ಲಿರುವ ಪ್ರೋಟೀನು ಹಿಟ್ಟಿನ ಜಿಗುಟನ್ನು ಸಡಿಲ ಮಾಡುತ್ತದೆ. ಉಕ್ಕು ಬರುವವರೆಗೆ ಕಾಯಿಸಿ, ಮಗುವಿಗೆ ಸ್ನಾನ ಮಾಡಿಸುವ ನೀರಿನಷ್ಟು ಬೆಚ್ಚಗೆ ಆರಿಸಿ ಹಾಕು.

ನಾದುವುದು. ಹೋಳಿಗೆ ಕಣಕ ನಾದಿದ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಣಕದಷ್ಟು ಸಡಿಲ ಬೇಡ, ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು. ಮೊದಲು ಬೆಣ್ಣೆ ಇಲ್ಲದೆ ಎಂಟು ಹತ್ತು ನಿಮಿಷ ನಾದು. ಬೆಣ್ಣೆ ಆಮೇಲೆ, ಸ್ವಲ್ಪ ಸ್ವಲ್ಪವಾಗಿ. ಬೆಣ್ಣೆ ಹಾಕಿದ ಕೂಡಲೇ ಎಲ್ಲ ಕೆಟ್ಟುಹೋಯಿತು ಅನ್ನಿಸುತ್ತದೆ, ಹಿಟ್ಟು ಚೂರು ಚೂರಾಗಿ ಕೈಯಿಂದ ಜಾರುತ್ತದೆ. ಹೆದರಿ ಮೈದಾ ಹಾಕಬೇಡ. ಐದು ನಿಮಿಷಕ್ಕೆ ಮತ್ತೆ ಕೂಡಿಕೊಂಡು ರೇಷ್ಮೆ ಹಾಗೆ ಆಗುತ್ತದೆ. ಒಂದು ಉಂಡೆ ಚಿವುಟಿ ನಾಲ್ಕೂ ಕಡೆ ಎಳೆದು ಕಿಟಕಿಗೆ ಹಿಡಿ. ಹರಿಯದೆ ತೆಳ್ಳಗಾಗಿ ಆಚೆಯ ಬೆರಳ ನೆರಳು ಕಂಡರೆ ನಾದಿದ್ದು ಸಾಕು.

ಇಂಪ್ರೂವರ್ ಬೇಡ. ಮನೆಯ ಒಂದು ಬ್ರೆಡ್ಡಿಗೆ ಅದರ ಕೆಲಸ ಏನು? ಹಿಂದೆ ಕೆಲವರು ಪೊಟ್ಯಾಸಿಯಂ ಬ್ರೋಮೇಟ್ ಹಾಕುತ್ತಿದ್ದರು. ಅದನ್ನು ನಮ್ಮ ದೇಶದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಈಗಿನ ಪುಡಿಗಳಲ್ಲಿ ಬೇರೆ ಏನೇನೋ ಇರುತ್ತದೆ, ದಿನಕ್ಕೆ ನೂರು ಬ್ರೆಡ್ ಇಳಿಸುವವನಿಗೆ ಬೇಕು. ನಿನಗೆ ಬೇಡ.

ಮತ್ತೆ ಬಿಸಿ ಬ್ರೆಡ್ ಕೊಯ್ಯಬೇಡಮ್ಮ! ಒಳಗಿನ ಹಬೆ ಇನ್ನೂ ಕೂತಿರುವುದಿಲ್ಲ, ಚಾಕು ಹಾಕಿದರೆ ಅಲ್ಲೇ ಅಂಟಿಕೊಂಡು ಮುದ್ದೆ. ಒಂದೂವರೆ ಗಂಟೆ ತಡಿ. ಅತ್ತೆಗೆ ಅಷ್ಟರಲ್ಲಿ ಬರೀ ಕಾಫಿ ಕೊಡು.

ಮೂಡಿಗೆರೆ ಮನೆಯಡುಗೆ:

ಅಣ್ಣ ಎಲ್ಲ ಹೇಳಿದ್ದಾರೆ. ಮಾರನೇ ದಿನದ ಗಟ್ಟಿಗೆ ನಂದೊಂದು ಸೇರಿಸಿ ಅಕ್ಕ. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುತ್ತೀರಲ್ಲ, ಅದೇ ಉಪಾಯ. 300 ಗ್ರಾಂ ಮೈದಾದಲ್ಲಿ 20 ಗ್ರಾಂ ತೆಗೆದು, 100 ಮಿಲಿ ಹಾಲಿನಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ತಿರುವಿ. ಚಮಚ ಎಳೆದರೆ ದಾರಿ ಬೀಳುವಷ್ಟು ಗಂಜಿಯಾದರೆ ಇಳಿಸಿ. ಸುಮಾರು 65 ಡಿಗ್ರಿಗೆ ಆ ಹದ ಬರುತ್ತದೆ. ಪೂರ್ತಿ ಆರಿಸಿ ಹಿಟ್ಟಿಗೆ ಸೇರಿಸಿ, ಉಳಿದ ಹಾಲು 100 ಮಿಲಿ ಮಾತ್ರ. ಬೆಂದ ಹಿಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಬ್ರೆಡ್ ಮೂರನೇ ದಿನಕ್ಕೂ ಬಾಗುತ್ತದೆ. ಇದಕ್ಕೆ ಚೀನೀ ಹೆಸರು ತಾಂಗ್‌ಜೋಂಗ್. ಜಪಾನಿನವರು ಕುದಿಯುವ ನೀರನ್ನೇ ಹಿಟ್ಟಿಗೆ ಸುರಿದು ಯುದಾನೆ ಅನ್ನುತ್ತಾರೆ. ನಮ್ಮ ಅಜ್ಜಿಗೆ ಹೇಳಿದರೆ ನಗುತ್ತಾರೆ.

ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಹೊರಗಿಗಿಂತ ಫ್ರಿಜ್ಜಿನ ತಣ್ಣಗೆಯಲ್ಲೇ ಬ್ರೆಡ್ ಬೇಗ ಗಟ್ಟಿಯಾಗುತ್ತದೆ. ಹೊರಗಿಟ್ಟರೆ ಈ ಮಳೆಗೆ ಬೂಷ್ಟು, ಅದೂ ನಿಜ. ಎರಡು ದಿನಕ್ಕೆ ಬೇಕಾದಷ್ಟು ಡಬ್ಬದಲ್ಲಿಟ್ಟು, ಉಳಿದದ್ದನ್ನು ಕೊಯ್ದು ಫ್ರೀಜರಿಗೆ ಹಾಕಿ. ತೆಗೆದು ನೇರವಾಗಿ ಕಾವಲಿ ಮೇಲೆ ಬೆಚ್ಚಗೆ ಮಾಡಿ.

ಹಾನುಬಾಳು ಸೊಸೆ:

ಹನ್ನೊಂದು ದಿನ ಆಯಿತು, ಬಂದು ಹೇಳಲು ಆಗಲಿಲ್ಲ. ನಡುವೆ ನಾಲ್ಕು ದಿನ ಕರೆಂಟೇ ಇರಲಿಲ್ಲ.

ಮೊದಲು ಈಸ್ಟ್ ಪರೀಕ್ಷೆ ಮಾಡಿದೆ. ಅರ್ಧ ಲೋಟ ಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಈಸ್ಟ್. ಹತ್ತು ನಿಮಿಷಕ್ಕೆ ನೊರೆ ಏಳಬೇಕಂತೆ. ನನ್ನದರಲ್ಲಿ ನಾಲ್ಕು ಗುಳ್ಳೆ ಬಂದು ಸುಮ್ಮನಾಯಿತು. ಏಪ್ರಿಲ್‌ನಲ್ಲಿ ಒಡೆದ ಪ್ಯಾಕೆಟ್ಟು, ಬಾಯಿಗೆ ಬಟ್ಟೆ ಕ್ಲಿಪ್ ಹಾಕಿ ಸಾಂಬಾರ ಪುಡಿ ಪಕ್ಕ ಇಟ್ಟಿದ್ದೆ. ಉಪ್ಪೇ ನೀರಾಗುವ ಮನೆಯಲ್ಲಿ ಅದು ಹೇಗೆ ಬದುಕುತ್ತದೆ! ಯಾರಿಗೂ ಇದನ್ನು ಹೇಳಿರಲಿಲ್ಲ ನಾನು. ಸಕಲೇಶಪುರದಿಂದ ಹೊಸದು ತರಿಸಿದೆ. ಈಗ ಗಾಜಿನ ಡಬ್ಬಿಯಲ್ಲಿ, ಫ್ರೀಜರಿನಲ್ಲಿದೆ.

ತೂಕಕ್ಕೆ ಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಒರೆಸಿ ತಂದೆ. ಮೈದಾ 300, ಹಾಲು ಗಂಜಿಯದ್ದೂ ಸೇರಿ 200, ಸಕ್ಕರೆ 30, ಬೆಣ್ಣೆ 30, ಉಪ್ಪು 5, ಈಸ್ಟ್ 5. ನನ್ನ ಹಳೇ ಎರಡೂವರೆ ಲೋಟ ಮೈದಾ ತೂಗಿದರೆ 345 ಇತ್ತು. ಅದರ ಮೇಲೆ ಹಿಡಿ ಬೇರೆ!

ಬೆಣ್ಣೆ ಹಾಕಿದಾಗ ಹಳೇ ಬಟ್ಟಿಯವರು ಹೇಳಿದ ಹಾಗೇ ಎಲ್ಲ ಚೂರಾಯಿತು. ಕೈ ತಾನಾಗೇ ಮೈದಾ ಡಬ್ಬಕ್ಕೆ ಹೋಯಿತು. ವಾಪಸ್ ತಂದೆ. ಒಟ್ಟು 22 ನಿಮಿಷ ನಾದಿದೆ, ಭುಜ ಬಿದ್ದುಹೋಯಿತು, ಆದರೆ ಕಿಟಕಿಗೆ ಹಿಡಿದಾಗ ಬೆರಳು ಕಂಡಿತು. ಯಜಮಾನರನ್ನು ಕರೆದು ತೋರಿಸಿದೆ. ಅವರಿಗೆ ಏನು ನೋಡಬೇಕು ಅಂತಲೇ ಗೊತ್ತಾಗಲಿಲ್ಲ.

ಮೊದಲ ದಿನ ಬಚ್ಚಲೊಲೆಗೆ ತೀರಾ ಹತ್ತಿರ ಇಟ್ಟು ಪಾತ್ರೆಯ ಒಂದು ಮಗ್ಗುಲು ಬಿಸಿಯಾಗಿ ಹಿಟ್ಟಿಗೆ ಸಿಪ್ಪೆ ಕಟ್ಟಿತು. ಎರಡನೇ ಸಲ ಮೂರು ಅಡಿ ದೂರ, ಮಣೆ ಮೇಲೆ, ಒದ್ದೆ ಬಟ್ಟೆ ಮುಚ್ಚಿ. ಎರಡರಷ್ಟಾಗಲು ಒಂದು ಗಂಟೆ 50 ನಿಮಿಷ. ಟಿನ್ನಲ್ಲಿ ಅಂಚು ದಾಟಲು ಮತ್ತೆ ಒಂದು ಗಂಟೆ. ಇಷ್ಟು ದಿನ ಅರ್ಧದಲ್ಲೇ ಎಳೆದು ಒಲೆಗೆ ನೂಕುತ್ತಿದ್ದೆ ಅಂತಾಯಿತು. 20 ನಿಮಿಷಕ್ಕೇ ಮೇಲೆ ಕೆಂಪಾಯಿತು, ಫಾಯಿಲ್ ಮುಚ್ಚಿದೆ. ಇಳಿಸಿ ಮೇಲೆ ಬೆಣ್ಣೆ ಸವರಿ ಬಟ್ಟೆ ಹೊದಿಸಿದೆ. ಅತ್ತೆ ಒಂದೂವರೆ ಗಂಟೆಯಲ್ಲಿ ಮೂರು ಸಲ ಅಡುಗೆಮನೆಗೆ ಬಂದು ಹೋದರು.

ಸೀಳಿಲ್ಲ. ತಳ ಒತ್ತಿಲ್ಲ. ಒತ್ತಿದರೆ ಬೆರಳು ಇಳಿದು ಮತ್ತೆ ಮೇಲೆ ಬರುತ್ತದೆ. ಎಳೆದರೆ ಹತ್ತಿಯ ಹಾಗೆ ಎಳೆ ಎಳೆ. ಅತ್ತೆಗೆ ಕೊಟ್ಟೆ. ಕಾಫಿಗೆ ಅದ್ದಿದರು. ಬಾಯಿಗೆ ಬರುವ ಮೊದಲೇ ಅರ್ಧ ತುಂಡು ಕಳಚಿ ಲೋಟದ ತಳ ಸೇರಿತು.

"ಇಷ್ಟು ಮೆತ್ತಗಾದ್ರೆ ಅದ್ದೋದು ಹೇಗೆ?" ಅಂತ ಕೇಳಿದರು.

ಹೇಳಿ ಈಗ. ನಾನೇನು ಮಾಡಲಿ?

ಹಳೇ ಬಟ್ಟಿ:

ಅರ್ಧ ಬ್ರೆಡ್ ನಿಮಗೆ ಇರಲಿ. ಉಳಿದರ್ಧ ಮಾರನೇ ದಿನ ಅರ್ಧ ಇಂಚು ದಪ್ಪಕ್ಕೆ ಕೊಯ್ದು, ಓಟಿಜಿಯಲ್ಲಿ 150 ಡಿಗ್ರಿಗೆ ಒಂದು ಮಗ್ಗುಲು 15 ನಿಮಿಷ, ತಿರುವಿ ಮತ್ತೆ 15. ಆರಿಸಿ ಅದರೊಳಗೇ ಬಿಡು, ಒಣಗಲಿ. ರಸ್ಕ್ ಆಯಿತು. ಗಾಳಿಯಾಡದ ಡಬ್ಬದಲ್ಲಿಟ್ಟರೆ ಮಳೆಗೂ ಹೆದರುವುದಿಲ್ಲ, ಕರೆಂಟಿಲ್ಲದ ನಾಲ್ಕು ದಿನಕ್ಕೂ ಆಗುತ್ತದೆ. ಹಲ್ಲಿಲ್ಲ ಅಂತ ಯೋಚನೆ ಬೇಡ. ಕಾಫಿಯಲ್ಲಿ ಐದು ಎಣಿಸುವಷ್ಟು ಹಿಡಿಯಲು ಹೇಳು, ಮೆತ್ತಗಾಗುತ್ತದೆ, ಕಳಚುವುದಿಲ್ಲ.

ಹಾನುಬಾಳು ಸೊಸೆ:

ಅತ್ತೆ ಏಳರವರೆಗೆ ಎಣಿಸುತ್ತಿದ್ದಾರೆ. ಬರೀ ಹಾಲಿನ ರುಚಿ, ಏಲಕ್ಕಿ ಹಾಕು ಅಂತಾರೆ. ನಾಳೆ ನಾಲ್ಕು ಕಾಯಿ ಕುಟ್ಟಿ ಹಾಕಿ ನೋಡುತ್ತೇನೆ.