ಹೈಪರ್-ವಿಯಲ್ಲಿ ಕುಬರ್ನೆಟಿಸ್ ಕ್ಲಸ್ಟರ್: ಮಾಡಿ ನೋಡಿದವರ ಅನುಭವ

ಪ್ರಶ್ನೆ: ನನ್ನಲ್ಲಿ 16 ಜಿಬಿ ಮೆಮೊರಿಯ, ವಿಂಡೋಸ್ 11 ಪ್ರೊ ಇರುವ ಡೆಸ್ಕ್‌ಟಾಪ್ ಇದೆ. ಅದರೊಳಗೇ ಇರುವ ಹೈಪರ್-ವಿ (ಒಂದೇ ಕಂಪ್ಯೂಟರ್‌ನೊಳಗೆ ಹಲವು ವರ್ಚುವಲ್ ಮಷೀನ್ ಓಡಿಸುವ ಸೌಲಭ್ಯ) ಬಳಸಿ ಮೂರು ನೋಡ್‌ಗಳ, ಅಂದರೆ ಮೂರು ವರ್ಚುವಲ್ ಮಷೀನ್‌ಗಳ, ಕುಬರ್ನೆಟಿಸ್ ಕ್ಲಸ್ಟರ್ (ಅಪ್ಲಿಕೇಶನ್‌ಗಳನ್ನು ಹಲವು ಯಂತ್ರಗಳಿಗೆ ಹಂಚಿ ಓಡಿಸುವ ವ್ಯವಸ್ಥೆ) ಕಟ್ಟಿ ಕಲಿಯಬೇಕೆಂದಿದ್ದೇನೆ. ಈ ದಾರಿಯಲ್ಲಿ ನಡೆದವರು ಎಲ್ಲೆಲ್ಲಿ ತೊಡಕು ಎದುರಾಯಿತೆಂದು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಿಮ್ಮ ಯಂತ್ರ ಇದಕ್ಕೆ ಸಾಕು. ಕ್ಲಸ್ಟರ್ ಕಟ್ಟುವ ಸಾಧನವಾದ ಕ್ಯೂಬ್‌ಎಡಿಎಂ ಪ್ರತಿ ನೋಡ್‌ಗೆ ಕನಿಷ್ಠ 2 ಜಿಬಿ ಮೆಮೊರಿಯನ್ನೂ ಕಂಟ್ರೋಲ್ ಪ್ಲೇನ್‌ಗೆ (ಇಡೀ ಕ್ಲಸ್ಟರ್ ನಿಯಂತ್ರಿಸುವ ನೋಡ್‌ಗೆ) 2 ಸಿಪಿಯುಗಳನ್ನೂ ಕೇಳುತ್ತದೆ. ನಾನು ಕಂಟ್ರೋಲ್ ಪ್ಲೇನ್‌ಗೆ 4 ಜಿಬಿ, ಉಳಿದೆರಡಕ್ಕೆ ತಲಾ 3 ಜಿಬಿ ಕೊಟ್ಟಿದ್ದೇನೆ. ಮಷೀನ್‌ನ ಮೆಮೊರಿಯನ್ನು ಬೇಕಾದಂತೆ ಏರಿಳಿಸುವ ಡೈನಾಮಿಕ್ ಮೆಮೊರಿಯನ್ನು ಮಾತ್ರ ತಪ್ಪದೆ ನಿಲ್ಲಿಸಿ. ಏಕೆಂದರೆ ಪ್ರತಿ ನೋಡ್‌ನಲ್ಲಿ ಕೆಲಸ ನಡೆಸುವ ಕ್ಯೂಬ್‌ಲೆಟ್ ಎಂಬ ಪ್ರೋಗ್ರಾಂ ತಾನು ಶುರುವಾಗುವಾಗ ಕಂಡ ಮೆಮೊರಿಯನ್ನೇ ನಂಬಿ ಲೆಕ್ಕ ಹಾಕುತ್ತದೆ.

ನನ್ನ ಮೂರು ದಿನಗಳು ಹೋದದ್ದು ನೆಟ್‌ವರ್ಕ್‌ನಲ್ಲಿ. ಸುಲಭವೆಂದು ಹೈಪರ್-ವಿ ತಾನಾಗಿ ಕೊಡುವ ಡಿಫಾಲ್ಟ್ ಸ್ವಿಚ್‌ನ್ನೇ (ಮಷೀನ್‌ಗಳನ್ನು ಜೋಡಿಸುವ ವರ್ಚುವಲ್ ಸ್ವಿಚ್) ಆರಿಸಿಕೊಂಡೆ, ಕ್ಲಸ್ಟರ್ ಚೆನ್ನಾಗಿಯೇ ನಡೆಯಿತು. ಡೆಸ್ಕ್‌ಟಾಪ್ ರೀಸ್ಟಾರ್ಟ್ ಮಾಡಿದ ಮೇಲೆ ಒಂದು ನೋಡ್ ಕೂಡ ಇನ್ನೊಂದಕ್ಕೆ ಸಿಗಲಿಲ್ಲ. ಆ ಸ್ವಿಚ್‌ನ ವಿಳಾಸ ಶ್ರೇಣಿ ಪ್ರತಿ ರೀಸ್ಟಾರ್ಟ್‌ನಲ್ಲೂ ಬದಲಾಗಬಹುದು, ಆದರೆ ಕ್ಲಸ್ಟರ್‌ಗೆ ಬರುವ ಕೋರಿಕೆಗಳನ್ನು ಪಡೆಯುವ ಎಪಿಐ ಸರ್ವರ್‌ನ ಸರ್ಟಿಫಿಕೇಟ್‌ನಲ್ಲಿಯೂ ನೋಡ್‌ಗಳ ಸಂರಚನಾ ಕಡತಗಳಲ್ಲಿಯೂ ಹಳೆಯ ವಿಳಾಸವೇ ಬರೆದಿರುತ್ತದೆ. ಆದ್ದರಿಂದ ಮೊದಲ ನೋಡ್ ಹುಟ್ಟುವ ಮುನ್ನವೇ ಪವರ್‌ಶೆಲ್‌ನಲ್ಲಿ ಇಂಟರ್ನಲ್ ಬಗೆಯ (ಡೆಸ್ಕ್‌ಟಾಪ್ ಮತ್ತು ಅದರ ಮಷೀನ್‌ಗಳ ನಡುವೆ ಮಾತ್ರ ಸಂಪರ್ಕ ಕೊಡುವ) ಸ್ವಿಚ್ ಒಂದನ್ನು ಮಾಡಿ, ಡೆಸ್ಕ್‌ಟಾಪ್ ಬದಿಗೆ 192.168.50.1 ಎಂಬಂಥ ವಿಳಾಸ ಕೊಟ್ಟು, ಆ ಶ್ರೇಣಿಗೆ ನ್ಯಾಟ್ (ಒಳಗಿನ ವಿಳಾಸಗಳು ಡೆಸ್ಕ್‌ಟಾಪ್ ಮೂಲಕ ಹೊರಗಿನ ಜಾಲ ತಲುಪುವ ಏರ್ಪಾಡು) ಜೋಡಿಸಿ. ಅಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಇರುವುದಿಲ್ಲವಾದ್ದರಿಂದ ಪ್ರತಿ ನೋಡ್‌ನೊಳಗೆ ಸ್ಥಿರ ವಿಳಾಸವನ್ನೂ ಡಿಎನ್‌ಎಸ್‌ನ್ನೂ ನೀವೇ ಬರೆಯಬೇಕು. ಉಬುಂಟುವಿನಲ್ಲಿ ನೆಟ್‌ಪ್ಲಾನ್ ಎಂಬ ನೆಟ್‌ವರ್ಕ್ ಸಂರಚನಾ ಕಡತದಲ್ಲಿ ನಾಲ್ಕೈದು ಸಾಲು, ಅಷ್ಟೆ.

ಎರಡನೆಯ ಉತ್ತರ: ಮೇಲಿನ ಮಾತು ಅಕ್ಷರಶಃ ಸರಿ, ಆದರೆ ಆ ವಿಳಾಸ ಆರಿಸಿದವರು ಕ್ಯಾಲಿಕೋ (ಪಾಡ್‌ಗಳ, ಅಂದರೆ ಕ್ಲಸ್ಟರ್‌ನಲ್ಲಿ ಅಪ್ಲಿಕೇಶನ್ ಓಡುವ ಘಟಕಗಳ, ನಡುವೆ ಜಾಲ ಹೆಣೆಯುವ ಸಾಫ್ಟ್‌ವೇರ್) ಹಾಕುವಾಗ ಒಂದು ಕ್ಷಣ ನಿಲ್ಲಬೇಕು. ಕ್ಯಾಲಿಕೋ ಪಾಡ್‌ಗಳಿಗೆ ರೂಢಿಯಂತೆ ಹಿಡಿಯುವ ಶ್ರೇಣಿ 192.168.0.0/16, ನೋಡ್‌ಗಳ ವಿಳಾಸವೂ, ಬಹಳಷ್ಟು ಮನೆಗಳ ರೂಟರ್ ವಿಳಾಸವೂ ಅದರೊಳಗೇ ಬೀಳುತ್ತವೆ. ನಾನು ಕ್ಯೂಬ್‌ಎಡಿಎಂಗೂ ಕ್ಯಾಲಿಕೋಗೂ 10.244.0.0/16 ಎಂದು ಕೊಟ್ಟ ಮೇಲೆಯೇ ಪಾಡ್‌ಗಳು ಹೊರಗಿನ ಜಾಲವನ್ನು ತಲುಪಿದವು. ಒಂದೇ ಡಿಸ್ಕ್ ನಕಲು ಮಾಡಿ ಮೂರು ನೋಡ್ ಮಾಡುವುದಾದರೆ ಹೋಸ್ಟ್‌ನೇಮ್ (ಮಷೀನ್‌ನ ಹೆಸರು) ಬದಲಿಸಿಯೇ ಕ್ಲಸ್ಟರ್‌ಗೆ ಜಾಯಿನ್ ಮಾಡಿ, ಇಲ್ಲವಾದರೆ ಅದೇ ಹೆಸರಿನ ನೋಡ್ ಆಗಲೇ ಇದೆಯೆಂದು ನಿರಾಕರಣೆ ಬರುತ್ತದೆ. ಲಿನಕ್ಸ್ ಬೂಟ್ ಆಗದಿದ್ದರೆ ಎರಡನೇ ತಲೆಮಾರಿನ (ಜನರೇಷನ್ 2) ಮಷೀನ್‌ನ ಸೆಕ್ಯೂರ್ ಬೂಟ್ ಟೆಂಪ್ಲೇಟ್ (ಯಾವ ಸಹಿಯ ಸಾಫ್ಟ್‌ವೇರ್ ಬೂಟ್ ಆಗಬಹುದೆಂಬ ಆಯ್ಕೆ) ನೋಡಿ.

ಮೂರನೆಯ ಉತ್ತರ: ಅಪ್ಲಿಕೇಶನ್ ಓಡಿಸಿ ನೋಡುವುದಷ್ಟೇ ಉದ್ದೇಶವಾದರೆ ಹೈಪರ್-ವಿ ಡ್ರೈವರ್‌ನೊಂದಿಗೆ ಮಿನಿಕ್ಯೂಬ್ (ಕಲಿಕೆಗೆ ಸಣ್ಣ ಕ್ಲಸ್ಟರನ್ನು ತಾನೇ ಕಟ್ಟಿಕೊಡುವ ಸಾಧನ) ಸಾಕು, ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಓಡಿಸಿ. ಮೂರು ನೋಡ್‌ಗಳನ್ನೇ ಕಟ್ಟುವಿರಾದರೆ, ಹೊಸ ಮಷೀನ್‌ಗಳಿಗೆ ತಾನಾಗಿ ಆನ್ ಆಗಿರುವ ಆಟೊಮ್ಯಾಟಿಕ್ ಚೆಕ್‌ಪಾಯಿಂಟ್ (ಮರಳಬಹುದಾದ ಸ್ಥಿತಿಯನ್ನು ತಾನಾಗಿ ಉಳಿಸುವ) ಆಯ್ಕೆಯನ್ನು ತೆಗೆದುಬಿಡಿ. ಒಮ್ಮೆ ಕಂಟ್ರೋಲ್ ಪ್ಲೇನ್ ಒಂದನ್ನೇ ಹಿಂದಿನ ಸ್ಥಿತಿಗೆ ಕೊಂಡೊಯ್ದು, ಉಳಿದ ನೋಡ್‌ಗಳಲ್ಲಿ ಓಡುತ್ತಿದ್ದುದಕ್ಕೂ ಇಟಿಸಿಡಿಯಲ್ಲಿ (ಕ್ಲಸ್ಟರ್‌ನ ಸ್ಥಿತಿ ದಾಖಲಾಗುವ ದತ್ತಸಂಚಯದಲ್ಲಿ) ಇದ್ದುದಕ್ಕೂ ತಾಳೆಯಾಗದೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಈಗ ಮೂರನ್ನೂ ಶಟ್‌ಡೌನ್ ಮಾಡಿ ಒಟ್ಟಿಗೇ ಚೆಕ್‌ಪಾಯಿಂಟ್ ತೆಗೆಯುತ್ತೇನೆ, ಮರಳಿಸುವಾಗಲೂ ಮೂರನ್ನೂ ಒಟ್ಟಿಗೇ ಮರಳಿಸುತ್ತೇನೆ.