ಲಂಡನ್‌ನಿಂದ ಆಮ್‌ಸ್ಟರ್‌ಡ್ಯಾಮಿಗೆ 28 ನಿಮಿಷವೇ?

ದೊಡ್ಡಪ್ಪ (ಫಾರ್ವರ್ಡ್): ಲಂಡನ್ ಹೀಥ್ರೂದಿಂದ ಆಮ್‌ಸ್ಟರ್‌ಡ್ಯಾಮ್ ಸ್ಕಿಪೋಲ್. ದೂರ 370 ಕಿ.ಮೀ. ವೇಗ ಗಂಟೆಗೆ 800 ಕಿ.ಮೀ. ಹಾರಾಟ 28 ನಿಮಿಷ.

ದೊಡ್ಡಪ್ಪ: ಬೆಂಗಳೂರಿನ ವಿಮಾನ ಆಮ್‌ಸ್ಟರ್‌ಡ್ಯಾಮಿನಿಂದ 12ಕ್ಕೆ. ಲಂಡನ್‌ನಿಂದ 10ಕ್ಕೆ ಹೊರಟರೂ ಒಂದೂವರೆ ಗಂಟೆ ಕೈಯಲ್ಲಿ ಇರುತ್ತದೆ. ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಕಡಿಮೆಗೆ ಸಿಗುತ್ತಿದೆ. ತೆಗೆಯುತ್ತಿದ್ದೇನೆ.

ಚಿಕ್ಕಮ್ಮ: ಒಳ್ಳೆಯದಾಯ್ತು ಭಾವ.

ನಾನು: ದೊಡ್ಡಪ್ಪ, ದಯವಿಟ್ಟು ಈಗಲೇ ತೆಗೆಯಬೇಡಿ. 370 ಸರಿ. 28 ಸರಿಯಲ್ಲ.

ದೊಡ್ಡಪ್ಪ: 370ನ್ನು 800ರಿಂದ ಭಾಗಿಸಿ ನೋಡು. ಯಾರು ಮಾಡಿದರೂ ಅಷ್ಟೇ ಬರುತ್ತದೆ.

ನಾನು: ಭಾಗಾಕಾರ ಸರಿ ಇದೆ. ಆದರೆ ಇಷ್ಟು ಹತ್ತಿರದ ಊರಿಗೆ ವಿಮಾನ ಆ ವೇಗದಲ್ಲಿ ಹೋಗುವುದೇ ಸ್ವಲ್ಪ ಹೊತ್ತು. ಏರುವುದರಲ್ಲಿ, ಇಳಿಯುವುದರಲ್ಲೇ ದಾರಿ ಮುಗಿಯುತ್ತದೆ. 370 ಅನ್ನುವುದು ನೇರ ಗೆರೆ ಎಳೆದ ದೂರ, ವಿಮಾನ ಅಷ್ಟು ನೇರ ಹೋಗುವುದಿಲ್ಲ. ಹೀಥ್ರೂದಲ್ಲಿ ಹೊರಡುವುದಕ್ಕೂ ಸಾಲು ಇರುತ್ತದೆ. ಇನ್ನು ಸ್ಕಿಪೋಲಿನಲ್ಲಿ ಪೋಲ್ಡರ್‌ಬಾನ್ ಅಂತ ಒಂದು ರನ್‌ವೇ ಇದೆ, 2003ರಲ್ಲಿ ಶುರುವಾದದ್ದು. ಊರಾಚೆ ಹೊಲಗಳ ನಡುವೆ ಇದೆ. ಅಲ್ಲಿ ಇಳಿದರೆ ಟರ್ಮಿನಲ್ ಮುಟ್ಟಲು ಕಾಲು ಗಂಟೆ ನೆಲದ ಮೇಲೇ ಹೋಗಬೇಕು. ಹೆದ್ದಾರಿಯ ಮೇಲಿನ ಸೇತುವೆಯನ್ನೂ ದಾಟಬೇಕು, ಕೆಳಗೆ ಕಾರುಗಳು ಓಡುವುದು ಕಿಟಕಿಯಿಂದ ಕಾಣುತ್ತದೆ. ಅದಕ್ಕೇ ಟಿಕೆಟ್ಟಿನಲ್ಲಿ ಸುಮಾರು 1 ಗಂಟೆ 20 ನಿಮಿಷ ಅಂತ ಹಾಕುತ್ತಾರೆ.

ಚಿಕ್ಕಪ್ಪ: ಹಾಗಂದರೂ 11:20ಕ್ಕೆ ತಲುಪುತ್ತಾರಲ್ಲ. ಇನ್ನೂ 40 ನಿಮಿಷ ಇದೆ.

ನಾನು: ಇಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಡಿಯಾರ ಲಂಡನ್‌ಗಿಂತ ಒಂದು ಗಂಟೆ ಮುಂದೆ ಚಿಕ್ಕಪ್ಪ. ಇವರು ತಲುಪುವಾಗ ಇಲ್ಲಿ 12:20. ಬೆಂಗಳೂರಿನ ವಿಮಾನ ಹೋಗಿ ಆಗಿರುತ್ತದೆ.

ದೊಡ್ಡಪ್ಪ: ಬರುವಾಗ ಆಮ್‌ಸ್ಟರ್‌ಡ್ಯಾಮಿನಲ್ಲಿ 3ಕ್ಕೆ ಹತ್ತಿ 3:20ಕ್ಕೆ ಲಂಡನ್‌ನಲ್ಲಿ ಇಳಿದೆವು. ಟಿಕೆಟ್ ನನ್ನ ಹತ್ತಿರವೇ ಇದೆ. ಅದು 20 ನಿಮಿಷ ಅಲ್ವಾ?

ನಾನು: ಅದೂ 1 ಗಂಟೆ 20 ನಿಮಿಷವೇ. ಲಂಡನ್‌ನಲ್ಲಿ ವಾಚನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿರುತ್ತೀರಿ. ದೊಡ್ಡಮ್ಮನನ್ನು ಕೇಳಿ.

ದೊಡ್ಡಮ್ಮ: ಹೌದು ರೀ. ತಿಂಡಿ, ಕಾಫಿ ಕೊಟ್ಟು, ಕಪ್ಪು ವಾಪಸ್ ತೆಗೆದುಕೊಂಡು, ಆಮೇಲೂ ನಾನು ಒಂದು ನಿದ್ದೆ ಮಾಡಿದೆ. 20 ನಿಮಿಷದಲ್ಲಿ ಅದೆಲ್ಲ ಎಲ್ಲಿ ಆಗುತ್ತದೆ?

ನಾನು: ಸಮಯಕ್ಕಿಂತ ನನಗೆ ಜಾಸ್ತಿ ಭಯ ಆ ಎರಡು ಟಿಕೆಟ್ ಬಗ್ಗೆ. ಬೇರೆ ಬೇರೆ ತೆಗೆದರೆ ಬ್ಯಾಗು ನೇರ ಬೆಂಗಳೂರಿಗೆ ಹೋಗದೇ ಇರಬಹುದು. ಆಗ ಸ್ಕಿಪೋಲಿನಲ್ಲಿ ಬ್ಯಾಗು ತೆಗೆದುಕೊಳ್ಳಲು ಇಮಿಗ್ರೇಶನ್ ದಾಟಬೇಕು. ಅದಕ್ಕೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಬೇಕು. ನಿಮ್ಮಿಬ್ಬರ ಹತ್ತಿರ ಇರುವುದು ಬ್ರಿಟನ್ ವೀಸಾ ಮಾತ್ರ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಸ ಟಿಕೆಟ್ಟಿನ ದುಡ್ಡು ನಿಮ್ಮದೇ. ಒಂದೇ ಟಿಕೆಟ್ ಆದರೆ ಮುಂದಿನ ವಿಮಾನ ಹತ್ತಿಸುವುದು ವಿಮಾನ ಕಂಪನಿಯ ಹೊಣೆ.

ದೊಡ್ಡಪ್ಪ: ವೀಸಾ ವಿಷಯ ನನಗೆ ಹೊಳೆದೇ ಇರಲಿಲ್ಲ.

ದೊಡ್ಡಪ್ಪ: ಒಂದೇ ಟಿಕೆಟ್ ನೋಡಿದೆ. ಲಂಡನ್ ಬೆಳಿಗ್ಗೆ 7, ಅಲ್ಲಿ 9:20. ಸಾಕಾ?

ನಾನು: ಬೇಕಾದಷ್ಟಾಯಿತು. 2 ಗಂಟೆ 40 ನಿಮಿಷ ಸಿಗುತ್ತದೆ.

ದೊಡ್ಡಮ್ಮ: ಬ್ಯಾಗು ಬೆಂಗಳೂರಿನಲ್ಲೇ ಸಿಗುತ್ತದಲ್ವಾ?

ನಾನು: ಅಲ್ಲೇ ಸಿಗುತ್ತದೆ ದೊಡ್ಡಮ್ಮ. ಚೆಕ್ ಇನ್ ಮಾಡುವಾಗ ಬ್ಯಾಗಿನ ಚೀಟಿಯಲ್ಲಿ ಬೆಂಗಳೂರು ಅಂತ ಇದೆಯಾ ನೋಡಿಕೊಳ್ಳಿ.