ಅಧ್ಯಾಪಕರೇ ಕರೆದೊಯ್ಯುವ 3 ವಾರದ ವಿದೇಶಿ ಅಧ್ಯಯನ: ತಲಾ ಶುಲ್ಕ, ವೀಸಾ, ಕ್ರೆಡಿಟ್

ಪ್ರಶ್ನೆ (ನಗರ ಯೋಜನೆ ಅಧ್ಯಾಪಕಿ):
ಮುಂದಿನ ರಜೆಯಲ್ಲಿ 15 ವಿದ್ಯಾರ್ಥಿಗಳನ್ನು 3 ವಾರ ಯುರೋಪಿಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ವಿಷಯ ವಸತಿ ಮತ್ತು ನಗರ ಪುನರ್ನಿರ್ಮಾಣ. ಪಟ್ಟಿಯಲ್ಲಿ ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಕೋಪನ್‌ಹೇಗನ್, ವಿಯೆನ್ನಾ, ಬಾರ್ಸಿಲೋನಾ ಇವೆ. ಇನ್ನು 10 ತಿಂಗಳಿದೆ. 3 ಕ್ರೆಡಿಟ್ ಕೊಡಬೇಕು. ಮೊದಲು ಯಾವುದಕ್ಕೆ ಕೈ ಹಾಕಲಿ? ತಲಾ ಶುಲ್ಕ ನಿಗದಿ ಮಾಡುವುದು ಹೇಗೆ?

ಉತ್ತರ (ವಿದೇಶಿ ಅಧ್ಯಯನ ಸಂಯೋಜಕ):
ಮೇಡಂ, ಮೊದಲು ಊರುಗಳನ್ನು ಕಡಿಮೆ ಮಾಡಿ. 5 ಊರು ಅಂದರೆ 4 ಸಲ ಗಂಟುಮೂಟೆ ಕಟ್ಟಬೇಕು. ರೂಮು ಬಿಟ್ಟು, ಪ್ರಯಾಣ ಮಾಡಿ, ಹೊಸ ರೂಮು ಸೇರುವಷ್ಟರಲ್ಲಿ ದಿನ ಮುಗಿದಿರುತ್ತದೆ. ಹೋಗಿ ಬರುವ 2 ದಿನ ಸೇರಿಸಿದರೆ 21ರಲ್ಲಿ 6 ದಿನ ಹೋಯಿತು.

ನಿಮ್ಮ ವಿಷಯಕ್ಕೆ 2 ನೆಲೆ ಸಾಕು. ರಾಟರ್‌ಡ್ಯಾಮ್ ನಗರದ ನಡುಭಾಗ 1940ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ನಾಶವಾಗಿ ಮತ್ತೆ ಕಟ್ಟಿದ್ದು. ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಕಾಲುವೆ ಪ್ರದೇಶ ಬಹುಮಟ್ಟಿಗೆ ಉಳಿದುಕೊಂಡದ್ದು. ನಡುವೆ ರೈಲಿನಲ್ಲಿ ಸುಮಾರು 40 ನಿಮಿಷ, ಹಾಗಾಗಿ ಒಂದೇ ಕಡೆ ಉಳಿದು ಎರಡನ್ನೂ ಹೋಲಿಸಬಹುದು. ಎರಡನೇ ನೆಲೆ ವಿಯೆನ್ನಾ. ಕಾರ್ಲ್ ಮಾರ್ಕ್ಸ್ ಹೋಫ್‌ನಂಥ, 1930ರಲ್ಲಿ ಮುಗಿದ, ಒಂದು ಕಿಲೋಮೀಟರಿಗೂ ಉದ್ದದ ಸಾರ್ವಜನಿಕ ವಸತಿ ಸಮುಚ್ಚಯ ಅಲ್ಲಿದೆ. ಬಾರ್ಸಿಲೋನಾ ಚೆಂದವೇ, ಆದರೆ ಪಟ್ಟಿಗೆ ಅದು ಬಂದದ್ದು ಪಾಠಕ್ಕಾಗಿಯೋ ನೋಡುವ ಆಸೆಗೋ ಎಂದು ಒಮ್ಮೆ ಕೇಳಿಕೊಳ್ಳಿ.

ಇನ್ನು ಶುಲ್ಕ. ಖರ್ಚನ್ನು ಎರಡು ಪಾಲು ಮಾಡಿ. ಎಷ್ಟು ಜನ ಬಂದರೂ ಬದಲಾಗದ್ದು: ಇಬ್ಬರು ಅಧ್ಯಾಪಕರ ಪ್ರಯಾಣ, ವಸತಿ, ಬಸ್ ಬಾಡಿಗೆ, ಅತಿಥಿ ಉಪನ್ಯಾಸದ ಗೌರವಧನ, ತರಗತಿ ಕೋಣೆ. ತಲೆ ಲೆಕ್ಕದ್ದು: ವಿಮಾನ, ಹಾಸಿಗೆ, ವಿಮೆ, ಸ್ಥಳೀಯ ಸಂಚಾರ ಪಾಸು, ಪ್ರವೇಶ ಶುಲ್ಕ.

ಲೆಕ್ಕಕ್ಕೆಂದು ಅಂಕಿ ಹಿಡಿಯೋಣ. ಸ್ಥಿರ ಖರ್ಚು 18,000 ಯೂರೊ, ತಲಾ ಖರ್ಚು 1,900. 18 ಜನ ಬಂದರೆ ತಲಾ 2,900, 12 ಜನಕ್ಕೆ 3,400, 9 ಜನಕ್ಕೆ 3,900. ಆಸೆಪಟ್ಟು 18ರ ದರ ಪ್ರಕಟಿಸಿ 12 ಜನ ಬಂದರೆ 6,000 ಯೂರೊ ಕೊರತೆ ಬೀಳುತ್ತದೆ. ಆದ್ದರಿಂದ 15 ಜನ ಬಯಸಿದರೂ ದರ ಕಟ್ಟುವುದು 12ಕ್ಕೆ. ಅದರ ಮೇಲೆ ಶೇ. 8 ತುರ್ತು ನಿಧಿ ಇಟ್ಟರೆ 3,672 ಆಗುತ್ತದೆ. ಶುಲ್ಕವನ್ನು ಬೇರೆ ನಾಣ್ಯದಲ್ಲಿ ವಸೂಲಿ ಮಾಡುವುದಾದರೆ ಇವತ್ತಿನ ವಿನಿಮಯ ದರ ಹಿಡಿಯಬೇಡಿ, ಅದಕ್ಕಿಂತ ಕೆಟ್ಟ ದರಕ್ಕೆ ಲೆಕ್ಕ ಹಾಕಿ. ಹಾಸ್ಟೆಲಿನ ಬಾಕಿ ಕಟ್ಟುವುದು ತಿಂಗಳುಗಳ ನಂತರ.

ಎಲ್ಲಕ್ಕಿಂತ ಮುಖ್ಯವಾದದ್ದು ರದ್ದತಿಯ ತಾರೀಖು. ವಿಮಾನ, ಹಾಸ್ಟೆಲ್, ಬಸ್ ಮೂವರಿಂದಲೂ ಮುಂಗಡ ಯಾವ ದಿನದ ನಂತರ ವಾಪಸ್ ಬರುವುದಿಲ್ಲ ಎಂದು ಲಿಖಿತವಾಗಿ ಪಡೆಯಿರಿ. ಆ ಮೂರರಲ್ಲಿ ಮೊದಲು ಬರುವ ದಿನಕ್ಕಿಂತ 10 ದಿನ ಮುಂಚೆ 'ಹೋಗುವುದೋ ಬಿಡುವುದೋ' ತೀರ್ಮಾನ ಆಗಿಬಿಡಬೇಕು. ಅಂದು ಎಣಿಸಬೇಕಾದ್ದು ಮುಂಗಡ ಕಟ್ಟಿದವರನ್ನು ಮಾತ್ರ. ಫಾರ್ಮ್ ತುಂಬಿದವರು, ಕೈ ಎತ್ತಿದವರು ಲೆಕ್ಕಕ್ಕಿಲ್ಲ. ಗುಂಪು ಟಿಕೆಟ್ ಸಾಮಾನ್ಯವಾಗಿ 10 ಜನರಿಂದ ಶುರು. ಕೊನೆಯಲ್ಲಿ ಇಬ್ಬರು ಬಿಟ್ಟು ಗುಂಪು ಅದಕ್ಕಿಂತ ಕೆಳಗಿಳಿದರೆ ಉಳಿದವರ ದರವೂ ಏರಬಹುದು.

ಮರುಪ್ರಶ್ನೆ (ಅದೇ ಅಧ್ಯಾಪಕಿ):
ಧನ್ಯವಾದ ಸರ್. ವೀಸಾ ಬೇಕಾದ ವಿದ್ಯಾರ್ಥಿಗಳೂ ಬೇಡವಾದವರೂ ಇದ್ದಾರೆ, ಪಾಸ್‌ಪೋರ್ಟ್‌ಗಳು ಬೇರೆ ಬೇರೆ ದೇಶದವು. ಎರಡು ದೇಶಕ್ಕೂ ಅರ್ಜಿ ಹಾಕಬೇಕೇ?

ಉತ್ತರ (ಸಂಯೋಜಕ):
ಬೇಡ. ನೆದರ್‌ಲ್ಯಾಂಡ್ಸ್, ಆಸ್ಟ್ರಿಯಾ ಎರಡೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ವಲಯದವು. ಹೆಚ್ಚು ದಿನ ಇರುವ ದೇಶಕ್ಕೆ ಒಂದೇ ಅರ್ಜಿ, ದಿನ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಊರುಪಟ್ಟಿ ಮೊದಲು ಗಟ್ಟಿಯಾಗಲಿ ಎಂದದ್ದು ಇದಕ್ಕೂ ಹೌದು. ಅರ್ಜಿಯನ್ನು ಹೊರಡುವ 6 ತಿಂಗಳು ಮೊದಲಿನಿಂದ ಹಾಕಬಹುದು, ತಡವೆಂದರೂ 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45ರವರೆಗೂ ಎಳೆಯಬಹುದು. ನಿಜವಾದ ಅಡಚಣೆ ಬೇಸಿಗೆಗೆ ಮುಂಚಿನ ಅಪಾಯಿಂಟ್‌ಮೆಂಟ್‌ನದು. ಎಲ್ಲರಿಗೂ ಒಂದೇ ವಾರದಲ್ಲಿ ಸಿಗುತ್ತದೆಂದು ನಂಬಬೇಡಿ.

ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಲಯ ಬಿಡುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಖಾಲಿ ಪುಟ ಬೇಕು. ವೀಸಾ ಅರ್ಜಿಗೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ತಮ್ಮ ದೇಶ ಬಿಟ್ಟು ನಿಮ್ಮಲ್ಲಿಗೆ ಓದಲು ಬಂದವರು ನಿಮ್ಮ ದೇಶಕ್ಕೆ ಮರಳಿ ಪ್ರವೇಶಿಸಲು ಅನುಮತಿ ಇದೆಯೇ ಎಂದು ಮುಂಗಡ ತೆಗೆದುಕೊಳ್ಳುವ ಮುಂಚೆಯೇ ನೋಡಿ.

ಉತ್ತರ (ಪಠ್ಯಕ್ರಮ ಸಮಿತಿ ಸದಸ್ಯೆ):
ಕ್ರೆಡಿಟ್ ಬಗ್ಗೆ ಒಂದು ಮಾತು. ಅಮೆರಿಕದ ವಾಡಿಕೆಯಲ್ಲಿ 1 ಕ್ರೆಡಿಟ್‌ಗೆ ತರಗತಿ ಮತ್ತು ಸ್ವಂತ ಓದು ಸೇರಿ ಸುಮಾರು 45 ಗಂಟೆ, ಯುರೋಪಿನ ವಿಶ್ವವಿದ್ಯಾಲಯಗಳ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯ ಲೆಕ್ಕದಲ್ಲಿ 25ರಿಂದ 30. ಮೊದಲ ಲೆಕ್ಕದಲ್ಲಿ 3 ಕ್ರೆಡಿಟ್ ಅಂದರೆ 135 ಗಂಟೆ. 15 ಕೆಲಸದ ದಿನಗಳಲ್ಲಿ ಅದನ್ನು ತುರುಕಿದರೆ ದಿನಕ್ಕೆ 9 ಗಂಟೆ, ಯಾರೂ ತಾಳುವುದಿಲ್ಲ. ಹೊರಡುವ ಮುಂಚೆ 5 ವಾರ ತರಗತಿ ಮತ್ತು ಓದಿಗೆ 40 ಗಂಟೆ, ಬಂದ ಮೇಲೆ ವರದಿಗೆ 20 ಗಂಟೆ ಇಡಿ. ಉಳಿದ 75 ಗಂಟೆ ಅಲ್ಲಿ, ದಿನಕ್ಕೆ 5. ಬಸ್ಸಿನಲ್ಲಿ ಕೂತು ಕಟ್ಟಡ ತೋರಿಸುವುದನ್ನು ಪಾಠ ಎಂದು ಸಮಿತಿ ಒಪ್ಪುವುದಿಲ್ಲ. ಪ್ರತಿ ಭೇಟಿಗೂ ಒಂದು ಪ್ರಶ್ನೆ, ವೀಕ್ಷಣಾ ಹಾಳೆ, ಅಂಕ ಇರಲಿ.

ಪ್ರಶ್ನೆ (ಇನ್ನೊಬ್ಬ ಅಧ್ಯಾಪಕ):
ಒಬ್ಬರೇ ಅಧ್ಯಾಪಕರು ಹೋದರೆ ಆಗದೇ? ಆರೋಗ್ಯದ ಮಾಹಿತಿ ಯಾವಾಗ ಕೇಳಬೇಕು?

ಉತ್ತರ (ಸಂಯೋಜಕ):
15 ಜನಕ್ಕೆ ಇಬ್ಬರು ಬೇಕೇ ಬೇಕು ಸರ್. ರಾತ್ರಿ ಒಬ್ಬ ವಿದ್ಯಾರ್ಥಿಯನ್ನು ಆಸ್ಪತ್ರೆಗೆ ಕರೆದೊಯ್ದರೆ ಉಳಿದ 14 ಜನರ ಜೊತೆ ಯಾರಿರುತ್ತಾರೆ? ಎರಡನೆಯವರಿಗೂ ಹಣ ಪಾವತಿಸುವ ಅಧಿಕಾರ, ವಿಮೆಯ 24 ಗಂಟೆ ಸಹಾಯವಾಣಿ ಸಂಖ್ಯೆ, ಎಲ್ಲರ ಪಾಸ್‌ಪೋರ್ಟ್ ಪ್ರತಿ ಇರಲಿ. ವೀಸಾದ ಕನಿಷ್ಠ ವಿಮೆಗೆ ತೃಪ್ತರಾಗದೆ, ಸುಸಜ್ಜಿತ ಆಸ್ಪತ್ರೆಗೆ ಅಥವಾ ಮನೆಗೆ ಸಾಗಿಸುವ ವೆಚ್ಚಕ್ಕೆ, ಮಾನಸಿಕ ಆರೋಗ್ಯ ಚಿಕಿತ್ಸೆಗೆ ಎಷ್ಟು ಮಿತಿ ಇದೆ ಎಂದು ಓದಿ ನೋಡಿ.

ಆರೋಗ್ಯದ ಫಾರ್ಮ್ ಆಯ್ಕೆ ಮುಗಿದ ಮೇಲೆ ಕೊಡಿ. ಅರ್ಜಿಯಲ್ಲೇ ಕೇಳಿದರೆ ಹುಡುಗರು ಮುಚ್ಚಿಡುತ್ತಾರೆ, ಕೇಳುವುದು ನ್ಯಾಯವೂ ಅಲ್ಲ. ಆದರೆ ಕನಿಷ್ಠ 8 ವಾರ ಮೊದಲೇ ಸಿಗಲಿ, ಏಕೆಂದರೆ ಔಷಧಿ ನಿಯಮ ದೇಶದಿಂದ ದೇಶಕ್ಕೆ ಬೇರೆ. ಉದಾಹರಣೆಗೆ, ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) ಕೊಡುವ ಆಂಫೆಟಮೀನ್ ಮಾತ್ರೆಗಳನ್ನು ವೈದ್ಯರ ಚೀಟಿ ಇದ್ದರೂ ಜಪಾನಿಗೆ ಒಯ್ಯುವಂತಿಲ್ಲ. ಅಂಥ ಕಡೆಗೆ ಹೋಗುವುದಾದರೆ ಬದಲಿ ಔಷಧಿಗೆ ವೈದ್ಯರ ಬಳಿ ಹೋಗಲು, ಅದು ಒಗ್ಗುತ್ತದೆಯೇ ನೋಡಲು ವಿದ್ಯಾರ್ಥಿಗೆ ಅಷ್ಟು ಸಮಯ ಬೇಕಾಗುತ್ತದೆ.